ಕುಂಯ್‌ಗುಡುವ ನಾಯಿಗೆ ‘ಕಾಂಗ್’ ಆಟಿಕೆ: ಮಲೆನಾಡಿನ ಮನೆಯಲ್ಲಿ ಅದರ ಉಪಯೋಗವೆಷ್ಟು?

ಸಾಕುನಾಯಿ ಹೊತ್ತುಗೊತ್ತಿಲ್ಲದೆ ಕುಂಯ್‌ಗುಡುತ್ತದೆ ಎಂದು ಯಾರಾದರೂ ಹೇಳಿಕೊಂಡರೆ, ಈಗ ಮೊದಲು ಸಿಗುವ ಸಲಹೆ ‘ಒಂದು ಕಾಂಗ್ ತರಿಸಿಕೊಡಿ’ ಎಂಬುದು. ಒಳಗೆ ಟೊಳ್ಳಾಗಿರುವ, ತಿಂಡಿ ತುಂಬಿ ಕೊಡಬಹುದಾದ ಈ ರಬ್ಬರಿನ ಆಟಿಕೆಯನ್ನು ತೀರ್ಥಹಳ್ಳಿ ಸೀಮೆಯ ನಮ್ಮ ತೋಟದ ಮನೆಯಲ್ಲಿರುವ ನಾಟಿ ನಾಯಿ ಕರಿಯನಿಗೂ, ಶಿವಮೊಗ್ಗದಲ್ಲಿರುವ ನನ್ನ ತಮ್ಮನ ಮನೆಯ ಲ್ಯಾಬ್ರಡಾರ್ ಬ್ರೂನೋನಿಗೂ ಕೊಟ್ಟು ನೋಡಿದ್ದೇವೆ. ಜೊತೆಗೆ, ಇದೇ ತೊಂದರೆಗೆ ಪರಿಹಾರವೆಂದು ಮಾರಾಟವಾಗುವ ಇನ್ನೂ ಕೆಲವು ಸಾಧನಗಳು ನಮ್ಮ ಕೈಗೆ ಬಂದು ಹೋಗಿವೆ. ಕಾಂಗ್ ಕೊಳ್ಳಬಹುದಾದ ವಸ್ತು ಎಂಬುದು ನನ್ನ ತೀರ್ಮಾನ. ಆದರೆ ಅದರ ಹೆಚ್ಚಿನ ಉಪಯೋಗ ನಾಯಿಯ ಬಾಯಿ ಮುಚ್ಚಿಸುವುದರಲ್ಲಿ ಇಲ್ಲ. ನಾಯಿ ಅದನ್ನು ತಿಂದಿತೇ ಬಿಟ್ಟಿತೇ ಎಂಬುದನ್ನು ನೋಡಿದರೆ, ಕುಂಯ್‌ಗುಟ್ಟುವಿಕೆ ಬೇಸರದ್ದೋ ಬೇಡಿಕೆಯದೋ, ಇಲ್ಲವೇ ಭಯದ್ದೋ ನೋವಿನದೋ ಎಂಬುದು ಬಹುಪಾಲು ತಿಳಿದುಬಿಡುತ್ತದೆ. ಅದನ್ನು ತಿಳಿಯದೆ ಕೊಂಡ ಯಾವ ಸಾಧನವೂ ದಂಡ.

ವಸ್ತುವಿನ ಪರಿಚಯವನ್ನು ಮೊದಲು ಮುಗಿಸುತ್ತೇನೆ. ಇದು ಅಮೆರಿಕದ ಕೊಲರಾಡೊ ರಾಜ್ಯದ ಕಂಪನಿಯೊಂದರ ತಯಾರಿಕೆ. ಜೋ ಮಾರ್ಕಮ್ ಎಂಬಾತನ ಜರ್ಮನ್ ಶೆಫರ್ಡ್ ನಾಯಿಗೆ ಕಲ್ಲು ಕಡಿಯುವ ಚಟವಿತ್ತೆಂದೂ, ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನ ರಬ್ಬರ್ ಬಿಡಿಭಾಗವೊಂದನ್ನು ಆ ನಾಯಿ ಮೆಚ್ಚಿ ಕಚ್ಚಿದ್ದನ್ನು ಕಂಡು 1970ರ ದಶಕದಲ್ಲಿ ಈ ಆಕಾರ ಹೊಳೆಯಿತೆಂದೂ ಕಂಪನಿ ಹೇಳಿಕೊಳ್ಳುತ್ತದೆ. ಮೂರು ಉಂಡೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಾಣುವ ಈ ಆಟಿಕೆ ನೆಲಕ್ಕೆ ಬಿದ್ದರೆ ಯಾವ ದಿಕ್ಕಿಗೆ ಪುಟಿಯುತ್ತದೆಂದು ಹೇಳುವಂತಿಲ್ಲ. ಕೆಳಗೆ ದೊಡ್ಡ ತೂತು, ತುದಿಯಲ್ಲಿ ಚಿಕ್ಕ ತೂತು. ಈ ಎರಡನೆಯ ತೂತು ಅಲಂಕಾರಕ್ಕೆ ಇಟ್ಟದ್ದಲ್ಲ. ಒಂದೇ ತೂತಿರುವ ಟೊಳ್ಳು ಆಟಿಕೆಯೊಳಗೆ ನಾಯಿ ನಾಲಗೆ ತೂರಿಸಿ ಚೀಪಿದರೆ ಒಳಗಿನ ಗಾಳಿ ಕಡಿಮೆಯಾಗಿ ನಾಲಗೆ ಅಲ್ಲೇ ಸಿಕ್ಕಿಕೊಳ್ಳುವ ಅಪಾಯವಿದೆ. ಪೇಟೆಯಲ್ಲಿ ಸಿಗುವ ಅಗ್ಗದ ನಕಲುಗಳಲ್ಲಿ ಕೆಲವಕ್ಕೆ ಒಂದೇ ತೂತಿರುತ್ತದೆ. ಅಂಥದ್ದನ್ನು ಬಿಟ್ಟಿ ಕೊಟ್ಟರೂ ತರಬಾರದು.

ಕೆಂಪು ಬಣ್ಣದ್ದು ಸಾಧಾರಣ ನಾಯಿಗಳಿಗೆ, ಕಪ್ಪು ಬಣ್ಣದ ಗಟ್ಟಿ ರಬ್ಬರಿನದು ಬಲವಾಗಿ ಕಡಿಯುವ ನಾಯಿಗಳಿಗೆ. ಮರಿಗಳಿಗೂ ಮುದಿ ನಾಯಿಗಳಿಗೂ ಮೆದು ರಬ್ಬರಿನವು ಬೇರೆಯೇ ಇವೆ. ಕರಿಯ ಕಟ್ಟಿಗೆ ತುಂಡನ್ನೂ ಪುಡಿ ಮಾಡುವವನಾದ್ದರಿಂದ ಅವನಿಗೆ ಕಪ್ಪು ಬಣ್ಣದ್ದನ್ನೇ ತರಿಸಿದೆವು. ಮಳೆಗಾಲವೊಂದನ್ನು ಕಳೆದ ಮೇಲೂ ಅದರ ಮೇಲೆ ಹಲ್ಲಿನ ಗುರುತು ಬಿಟ್ಟರೆ ಬೇರೆ ಗಾಯವಿಲ್ಲ.

ತುಂಬುವುದಕ್ಕೆ ಕಡಲೆಕಾಯಿ ಬೆಣ್ಣೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದೆಯೇ ಎಂದು ನೋಡಲೇಬೇಕು. ಅದು ಮನುಷ್ಯರಿಗೆ ನಿರಪಾಯವಾದರೂ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸಿ ಪ್ರಾಣಕ್ಕೆ ಕುತ್ತು ತರಬಲ್ಲದು. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಇವೂ ನಿಷಿದ್ಧ. ಹಾಗೆ ನೋಡಿದರೆ ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದದ್ದು ಧಾರಾಳವಾಗಿದೆ. ಬೆಳಗಿನ ಕಡುಬು ಮಿಕ್ಕಿದ್ದರೆ ಅದನ್ನು ಪುಡಿ ಮಾಡಿ, ಉಪ್ಪಿಲ್ಲದ ಮೊಸರು ಮತ್ತು ಬೇಯಿಸಿದ ಸಿಹಿಗುಂಬಳದೊಂದಿಗೆ ಕಲಸಿ ಒತ್ತಿ ತುಂಬುತ್ತೇನೆ. ಕಡುಬಿನ ಅಂಟಿನಿಂದಾಗಿ ಅದು ಸುಲಭಕ್ಕೆ ಹೊರಬರುವುದಿಲ್ಲ. ಬೇಯಿಸಿದ ಮೊಟ್ಟೆಯ ಚೂರೊಂದನ್ನು ತುದಿಯ ತೂತಿನ ಹತ್ತಿರ ಇಟ್ಟರೆ, ಅದರ ವಾಸನೆಗೆ ಕರಿಯ ಎರಡು ಮುಂಗಾಲುಗಳ ನಡುವೆ ಆಟಿಕೆಯನ್ನು ನಿಲ್ಲಿಸಿಕೊಂಡು, ನಾಲಗೆಯನ್ನು ಓರೆ ಮಾಡಿ ಒಳಗೆ ಬಿಟ್ಟು, ಸಿಗದಿದ್ದಾಗ ಅದನ್ನು ಬಾಯಲ್ಲಿ ಎತ್ತಿ ಜಗಲಿಯ ಮೆಟ್ಟಿಲಿಂದ ಕೆಳಕ್ಕೆ ಬೀಳಿಸಿ, ಉದುರಿದ್ದನ್ನು ಹೆಕ್ಕುತ್ತಾನೆ. ಮೆಟ್ಟಿಲಿಂದ ಬೀಳಿಸುವ ಉಪಾಯ ಅವನೇ ಕಂಡುಕೊಂಡದ್ದು.

ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ ಕೊಡಬೇಕೆಂಬ ಸಲಹೆ ಆಷಾಢದ ಮಲೆನಾಡಿನಲ್ಲಿ ಅಷ್ಟು ನಡೆಯುವುದಿಲ್ಲ. ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟು ಹೋದರೆ ಬರುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ, ಅರ್ಧ ಗಟ್ಟಿಯಾಗಿ ಕರಗಿದ ಮೊಸರು ಹುಳಿಬಂದು ಹೋಗುತ್ತದೆ. ಅದಕ್ಕಿಂತ ದೊಡ್ಡ ಕಾಟ ಇರುವೆಯದು. ಅರ್ಧ ತಿಂದು ಬಿಟ್ಟ ಆಟಿಕೆಯನ್ನು ಜಗಲಿಯಲ್ಲಿ ಮರೆತರೆ ಸ್ವಲ್ಪ ಹೊತ್ತಿಗೆ ಅದರ ಎರಡೂ ತೂತುಗಳಲ್ಲಿ ಇರುವೆಸಾಲು ಕಾಣುತ್ತದೆ, ಮೂಗಿಗೆ ಇರುವೆ ಕಚ್ಚಿಸಿಕೊಂಡ ನಾಯಿ ಮತ್ತೆ ಆ ಆಟಿಕೆಯ ಹತ್ತಿರ ಸುಳಿಯಲು ಅನುಮಾನಿಸುತ್ತದೆ. ತಿಂದು ಮುಗಿದ ಕೂಡಲೇ ಎತ್ತಿ, ಬಿಸಿನೀರಿನಲ್ಲಿ ನೆನೆಹಾಕಿ, ಬಾಟಲಿ ತೊಳೆಯುವ ಬ್ರಷ್ಷಿನಿಂದ ಒಳಮೈ ಉಜ್ಜಬೇಕು. ತೊಳೆದದ್ದನ್ನು ಒಣಗಿಸುವುದೂ ಇಲ್ಲಿ ಒಂದು ಕೆಲಸವೇ. ಒಳಗೆ ತೇವ ಉಳಿದರೆ ಶ್ರಾವಣದ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ, ಬಚ್ಚಲ ಒಲೆಯ ಹತ್ತಿರ ಇಟ್ಟರೆ ರಬ್ಬರು ಹಾಳಾಗುತ್ತದೆ. ಬಾಯಿ ಕೆಳಗಾಗಿ ತೂಗುಹಾಕಿದರೆ ಸಾಕಾಗುತ್ತದೆ.

ಹೀಗೆ ತುಂಬಿಕೊಟ್ಟ ಆಟಿಕೆ ಬೇಸರದ ಕುಂಯ್‌ಗುಟ್ಟುವಿಕೆಗೆ ನಿಜಕ್ಕೂ ಮದ್ದು. ಅಡಿಕೆ ಸುಲಿತದ ದಿನಗಳಲ್ಲಿ ಅಂಗಳದ ತುಂಬ ಜನ ಕೂತಿರುವಾಗ ಕರಿಯನನ್ನು ಕಟ್ಟಿಹಾಕಲೇಬೇಕಾಗುತ್ತದೆ. ಕಟ್ಟಿದ ಕಡೆಯಿಂದ ಜನರನ್ನು ನೋಡುತ್ತ, ಬಾಲವನ್ನು ಅರ್ಧ ಆಡಿಸುತ್ತ, ಉಸಿರೆಳೆದಷ್ಟು ಹೊತ್ತು ಸಣ್ಣಗೆ ರಾಗ ಎಳೆಯುವುದು ಅವನ ಪದ್ಧತಿಯಾಗಿತ್ತು. ಮೈಯಲ್ಲಿ ಭಯದ ಗುರುತು ಒಂದೂ ಇರಲಿಲ್ಲ. ಅವನಿಗೆ ಮಾಡಲು ಕೆಲಸವಿರಲಿಲ್ಲ, ಅಷ್ಟೆ. ಮೂಸುವುದು, ನೆಕ್ಕುವುದು, ಅಗಿಯುವುದು ಇವು ನಾಯಿಗೆ ಹುಟ್ಟಿನಿಂದ ಬಂದ ಕೆಲಸಗಳು, ಅವುಗಳಲ್ಲಿ ತೊಡಗಿದ ನಾಯಿ ಶಾಂತವಾಗುತ್ತದೆ. ಆಟಿಕೆ ಕೊಟ್ಟ ಮೇಲೆ ಸುಲಿತದ ಮಂದಿಗೆ ಅವನಿದ್ದಾನೆಂಬುದೇ ಮರೆತುಹೋಗುತ್ತಿತ್ತು.

ಬ್ರೂನೋನ ವಿಷಯದಲ್ಲಿ ಇಷ್ಟು ಸಲೀಸಾಗಲಿಲ್ಲ. ತಮ್ಮ ಮೊದಲ ದಿನವೇ ಫೋನು ಮಾಡಿ, “ಅಕ್ಕಾ, ಐದೇ ನಿಮಿಷಕ್ಕೆ ಬರಿದು ಮಾಡಿ ಮತ್ತೆ ರಾಗ ಶುರು ಮಾಡ್ದ” ಎಂದು ದೂರಿದ. ಲ್ಯಾಬ್ರಡಾರ್ ತಳಿಗೆ ತಿನ್ನುವ ಆಸೆ ಹೆಚ್ಚು, ಸಡಿಲವಾಗಿ ತುಂಬಿದರೆ ಅವುಗಳ ಮುಂದೆ ನಿಲ್ಲುವುದಿಲ್ಲ. ಮೊದಲ ಕೆಲವು ದಿನ ಸಡಿಲವಾಗಿಯೇ ತುಂಬಿ ನಾಯಿಗೆ ಕೆಲಸ ಕಲಿಸಿ, ಆಮೇಲೆ ದಿನದಿಂದ ದಿನಕ್ಕೆ ಬಿಗಿ ಮಾಡುತ್ತ ಹೋಗಬೇಕು. ಒಳಗೆ ಹೋಗುವ ಪ್ರಮಾಣವನ್ನು ಊಟದ ಪಾಲಿನಿಂದ ಕಳೆಯಬೇಕೆಂಬುದನ್ನೂ ಮರೆಯುವಂತಿಲ್ಲ, ಮೈ ಬೆಳೆಸುವುದರಲ್ಲೂ ಲ್ಯಾಬ್ರಡಾರ್ ಮುಂದಿದೆ.

ಆಟಿಕೆಯ ಪೆಟ್ಟಿಗೆಯ ಮೇಲೆ ಬರೆದಿರದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಕೊಡುವ ಸಮಯ. ನಾಯಿ ಕುಂಯ್‌ಗುಡುತ್ತಿರುವಾಗ ಕೊಟ್ಟರೆ, ಕುಂಯ್‌ಗುಟ್ಟಿದ್ದಕ್ಕೆ ಕೂಲಿ ಕೊಟ್ಟಂತೆ ಆಗುತ್ತದೆ. ನಮ್ಮಲ್ಲಿ ಊಟದ ಹೊತ್ತಿಗೆ ಅಡುಗೆಮನೆಯ ಹೊಸ್ತಿಲ ಹೊರಗೆ ಕೂತು ರಾಗ ಎಳೆಯುವುದನ್ನು ಕರಿಯನಿಗೆ ಕಲಿಸಿದವರು ನಮ್ಮ ಅತ್ತೆ. “ಪಾಪ, ಹಸಿದಿರ್ಬೇಕು ಕಣೇ, ಒಂದು ತುಂಡು ಹಾಕು” ಎಂದು ಅವರೇ ರೊಟ್ಟಿ ಮುರಿದು ಹಾಕುತ್ತಿದ್ದರು. ದಿನವೂ ಹಾಕುತ್ತಿರಲಿಲ್ಲ, ಮನಸ್ಸು ಬಂದಾಗ ಹಾಕುತ್ತಿದ್ದರು. ತೊಂದರೆ ಇರುವುದೇ ಅಲ್ಲಿ. ಪ್ರತಿ ಸಲ ಸಿಗುವ ಪ್ರತಿಫಲಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಪ್ರತಿಫಲ ಅಭ್ಯಾಸವನ್ನು ಹೆಚ್ಚು ಗಟ್ಟಿಗೊಳಿಸುತ್ತದೆ ಎಂಬುದು ಪ್ರಾಣಿಗಳ ಕಲಿಕೆಯನ್ನು ಅಭ್ಯಾಸ ಮಾಡಿದವರು ಬಹಳ ಹಿಂದೆಯೇ ತೋರಿಸಿರುವ ಮಾತು. ಇನ್ನೊಂದನ್ನೂ ತಿಳಿದಿರಬೇಕು. ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಕುಂಯ್‌ಗುಟ್ಟುವಿಕೆ ಕಡಿಮೆಯಾಗುವುದರ ಬದಲು ಏರುತ್ತದೆ. ಇಷ್ಟು ದಿನ ನಡೆದದ್ದು ಈಗೇಕೆ ನಡೆಯುತ್ತಿಲ್ಲವೆಂದು ನಾಯಿ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ಈ ಹಂತದಲ್ಲಿ ಮನೆಯವರಲ್ಲಿ ಒಬ್ಬರು ಸೋತು ತುಂಡು ಹಾಕಿದರೆ, ಇನ್ನಷ್ಟು ಜೋರಾಗಿ ಅತ್ತರೆ ಸಿಗುತ್ತದೆ ಎಂಬ ಹೊಸ ಪಾಠವಾಗುತ್ತದೆ. ಆದ್ದರಿಂದ ಊಟಕ್ಕೆ ಎಲೆ ಹಾಕುವ ಮೊದಲೇ, ನಾಯಿ ಸುಮ್ಮನಿರುವಾಗಲೇ, ಅದರ ಜಾಗದಲ್ಲಿ ತುಂಬಿದ ಆಟಿಕೆ ಇಟ್ಟುಬಿಡಬೇಕು. ಅತ್ತೆಯವರಿಗೆ ಈಗ ಆಟಿಕೆ ತುಂಬುವ ಕೆಲಸವನ್ನೇ ವಹಿಸಿದ್ದೇವೆ. ಕೈಯಾರೆ ತಿನ್ನಿಸಿದ ತೃಪ್ತಿ ಅವರಿಗೆ ಅದರಲ್ಲೂ ಸಿಗುತ್ತಿದೆ.

ಇನ್ನು, ಆಟಿಕೆಯನ್ನು ಮುಟ್ಟದ ನಾಯಿ. ತಮ್ಮನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ತಾವು ಹೊರಟ ಮೇಲೆ ಬ್ರೂನೋ ಅಳುತ್ತಾನೆಂದು ಪಕ್ಕದ ಮನೆಯವರು ಹೇಳಿದಾಗ, ಬಿಗಿಯಾಗಿ ತುಂಬಿದ ಕಾಂಗ್ ಇಟ್ಟು, ಹಳೆಯ ಫೋನೊಂದನ್ನು ಕಪಾಟಿನ ಮೇಲೆ ನಿಲ್ಲಿಸಿ ಚಿತ್ರೀಕರಿಸಿದರು. ಗೇಟಿನ ಚಿಲಕದ ಸದ್ದಾದ ಸ್ವಲ್ಪ ಹೊತ್ತಿಗೇ ಅವನು ಬಾಗಿಲ ಬುಡಕ್ಕೂ ಕಿಟಕಿಗೂ ಓಡಾಡತೊಡಗಿದ. ತಣ್ಣನೆಯ ನೆಲದ ಮೇಲೆ ನಿಂತೇ ಏದುಸಿರು ಬಿಟ್ಟ, ಮತ್ತೆ ಮತ್ತೆ ಆಕಳಿಸಿದ, ತುಟಿ ನೆಕ್ಕಿಕೊಂಡ. ಬಾಗಿಲ ಮುಂದಿನ ನೆಲ ಜೊಲ್ಲಿನಿಂದ ಒದ್ದೆಯಾಯಿತು. ಕಾಂಗ್ ಇಟ್ಟ ಜಾಗದಲ್ಲೇ ಇತ್ತು. ಸಂಜೆ ಇಬ್ಬರೂ ಒಳಗೆ ಕಾಲಿಟ್ಟು, ಅವನು ಅವರ ಕಾಲಿಗೆ ಸುತ್ತಿ ಮುಗಿದ ಮೇಲೆ, ನೇರ ಅದರ ಹತ್ತಿರ ಹೋಗಿ ಒಂದೇ ಸಮನೆ ತಿಂದು ಮುಗಿಸಿದ.

ಐದು ನಿಮಿಷಕ್ಕೆ ಬರಿದು ಮಾಡುವ ನಾಯಿ ದಿನವಿಡೀ ಮುಟ್ಟುವುದಿಲ್ಲವೆಂದರೆ ಅದು ಬೇಸರವಲ್ಲ, ಒಂಟಿಯಾಗುವ ಭಯ. ಹೆದರಿದ ಪ್ರಾಣಿಗೆ ಹಸಿವು ಇರುವುದಿಲ್ಲ. ಈ ಭಯದ ಲಕ್ಷಣಗಳು ಸಾಮಾನ್ಯವಾಗಿ ಮನೆಯವರು ಹೊರಟ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಆಟಿಕೆಯಿಂದ ಪರಿಹಾರವಿಲ್ಲ, ಬೈದರಂತೂ ಭಯ ಇಮ್ಮಡಿಯಾಗುತ್ತದೆ. ಹೆಲ್ಮೆಟ್ಟು ಕೈಗೆತ್ತಿಕೊಂಡು ಹೊರಗೆ ಹೋಗದೆ ಮತ್ತೆ ಕುರ್ಚಿಯಲ್ಲಿ ಕೂರುವುದು, ಬಾಗಿಲು ತೆರೆದು ಮುಚ್ಚುವುದು, ಹೊರಗೆ ಹೋಗಿ ನಾಯಿ ಕಳವಳಗೊಳ್ಳುವ ಮೊದಲೇ ಕೆಲವೇ ಸೆಕೆಂಡುಗಳಲ್ಲಿ ಮರಳುವುದು, ಆ ಅವಧಿಯನ್ನು ನಾಯಿ ತಡೆದುಕೊಳ್ಳುವಷ್ಟೇ ಹಿಗ್ಗಿಸುತ್ತ ಹೋಗುವುದು. ಇದು ವಾರಗಟ್ಟಲೆ, ಕೆಲವು ನಾಯಿಗಳಿಗೆ ತಿಂಗಳುಗಟ್ಟಲೆ ಹಿಡಿಯುವ ಅಭ್ಯಾಸ. ಅದು ಸಾಧಿಸುವವರೆಗೆ ನಾಯಿಯನ್ನು ಪೂರಾ ಒಂಟಿ ಬಿಡದೆ ಯಾರಾದರೂ ಪರಿಚಿತರ ಜೊತೆ ಇರಿಸುವುದು ಒಳ್ಳೆಯದು. ತೀವ್ರವಾಗಿದ್ದರೆ ಪಶುವೈದ್ಯರ ಸಲಹೆಯಂತೆ ಔಷಧವೂ ಬೇಕಾಗಬಹುದು. ನಾಯಿಗಳ ಈ ತೊಂದರೆಗೆಂದೇ ಕ್ಲೋಮಿಪ್ರಮಿನ್ ಎಂಬ ಔಷಧಕ್ಕೆ 1998ರಲ್ಲಿಯೂ ಫ್ಲೂಆಕ್ಸೆಟಿನ್‌ಗೆ 2007ರಲ್ಲಿಯೂ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಇವು ಅಭ್ಯಾಸದ ಜೊತೆಗೆ ಕೊಡುವ ಊರುಗೋಲು ಮಾತ್ರ, ನಾವಾಗಿಯೇ ಮೆಡಿಕಲ್ ಶಾಪಿನಿಂದ ತಂದು ಕೊಡುವ ವಸ್ತುಗಳಲ್ಲ. ತಮ್ಮನ ಮನೆಯಲ್ಲಿ ಸದ್ಯ ಮಧ್ಯಾಹ್ನದವರೆಗೆ ಪರಿಚಿತ ಅಜ್ಜಿಯೊಬ್ಬರು ಬಂದು ಕೂರುತ್ತಾರೆ. ಅವರಿರುವಾಗ ಬ್ರೂನೋ ಕಾಂಗ್ ಮುಗಿಸಿ ಮಲಗುತ್ತಾನೆ.

ನೋವಿನಿಂದ ಕುಂಯ್‌ಗುಡುವ ನಾಯಿಯೂ ಆಟಿಕೆಯನ್ನು ಬಿಡುತ್ತದೆ. ಆದರೆ ಅದು ಮನೆಯವರು ಎದುರಿಗಿದ್ದಾಗಲೂ ಬಿಡುತ್ತದೆ. ಭಯಕ್ಕೂ ನೋವಿಗೂ ಇರುವ ಈ ವ್ಯತ್ಯಾಸ ನಮಗೆ ಮಳೆಗಾಲದಲ್ಲಿ ಕೆಲಸಕ್ಕೆ ಬಂತು. ಕರಿಯ ಒಂದು ಸಂಜೆ ಮೊಟ್ಟೆ ಇಟ್ಟಿದ್ದ ಕಾಂಗನ್ನು ಮೂಸಿ ತಿರುಗಿದ, ಮುಂಗಾಲಿನಿಂದ ಮೂಗು ತಿಕ್ಕುತ್ತ, ಸೀನುತ್ತ, ನಡುನಡುವೆ ಕುಂಯ್‌ಗುಡುತ್ತಿದ್ದ. ಮೂಗಿನ ಹೊಳ್ಳೆಯಲ್ಲಿ ರಕ್ತದ ಗೆರೆ ಕಂಡಿತು. ತೋಟದ ಕಪ್ಪಿನಲ್ಲಿ (ಬಸಿಗಾಲುವೆಯಲ್ಲಿ) ನೀರು ಕುಡಿಯುವಾಗ ಉಂಬಳವೊಂದು (ಜಿಗಣೆ) ಮೂಗಿನೊಳಗೆ ಸೇರಿಕೊಂಡಿತ್ತು. ಅದನ್ನು ತೆಗೆಸಿದ್ದು ಪಶುವೈದ್ಯರಿಂದ. ಮೂಗಿನೊಳಗೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ರಸ ಹಾಕುವ ಹಳ್ಳಿಯ ಉಪಾಯಗಳು ಕಾಲ್ಬೆರಳ ಸಂದಿಯ ಉಂಬಳಕ್ಕೆ ಹೇಗೋ ಏನೋ, ಮೂಗಿನ ಒಳಮೈಗಂತೂ ಸಲ್ಲವು.

ಉಣುಗಿನಿಂದ (ಉಣ್ಣೆ ಹುಳುವಿನಿಂದ) ಬರುವ ಜ್ವರವೂ ಹೀಗೆಯೇ ಸುಳಿವು ಕೊಡುತ್ತದೆ. ಊಟ ಬಿಟ್ಟು, ಒಸಡು ಬಿಳಿಚಿಕೊಂಡು, ಏಳುವಾಗ ಕೀಲುನೋವಿನಿಂದ ಮುಲುಗುವ ನಾಯಿಗೆ ರಕ್ತಪರೀಕ್ಷೆ ಮಾಡಿಸಬೇಕು. ಕಾಡಿನಂಚಿನ ಮನೆಯವರು ನಾಯಿಯ ಮೈಯ ಉಣುಗನ್ನು ದಿನವೂ ನೋಡುವುದು ತಮ್ಮ ಹಿತಕ್ಕೂ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ ಆದ್ದರಿಂದ, ಕೀಳುವಾಗ ಬರಿಗೈ ಬಳಸಬಾರದು. ನೋವಿಗೆಂದು ಮನುಷ್ಯರ ಮಾತ್ರೆ ಕೊಡುವುದು ನಮ್ಮ ಕಡೆ ಇನ್ನೂ ಇರುವ ರೂಢಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು, ಪ್ಯಾರಾಸಿಟಮಾಲ್ ಯಕೃತ್ತಿಗೆ ಅಪಾಯಕಾರಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇರುವುದರಿಂದ ಸುತ್ತಲಿನ ತಾಲ್ಲೂಕಿನವರಿಗೆ ತೋರಿಸುವ ಜಾಗಕ್ಕೆ ಕೊರತೆಯಿಲ್ಲ. ವಯಸ್ಸಾದ ನಾಯಿ ಹಗಲೆಲ್ಲ ಮಲಗಿ ರಾತ್ರಿ ಅಳುವುದು, ಮೂಲೆಗೆ ಹೋಗಿ ಹೊರಬರಲು ತಿಳಿಯದೆ ನಿಲ್ಲುವುದು ಕಂಡರೆ ಅದು ಬರಿಯ ಮುಪ್ಪಿನ ಹಟವೆಂದು ತಳ್ಳಿಹಾಕದೆ ಅದನ್ನೂ ತೋರಿಸಬೇಕು. ಮನುಷ್ಯರಲ್ಲಿ ಕಾಣುವ ಮರೆಗುಳಿತನಕ್ಕೆ ಹತ್ತಿರದ ಕಾಯಿಲೆ ನಾಯಿಗಳಿಗೂ ಬರುತ್ತದೆ.

ಪರದೇಶದ ಕೈಪಿಡಿಗಳಲ್ಲಿ, ರಾತ್ರಿ ಕುಂಯ್‌ಗುಟ್ಟಿದರೆ ಕಿವಿಗೊಡಬೇಡಿ ಎಂಬ ಮಾತು ಧಾರಾಳವಾಗಿ ಸಿಗುತ್ತದೆ. ಮಲೆನಾಡಿನ ಒಂಟಿಮನೆಗೆ ಈ ಮಾತು ಹೊಂದುವುದಿಲ್ಲ. ಚಿರತೆಗೆ ನಾಯಿ ಸುಲಭದ ಬೇಟೆ, ಅಂಗಳದಿಂದ ನಾಯಿ ಕಾಣೆಯಾದ ಮನೆ ನಮ್ಮ ಸುತ್ತಲಿನ ಪ್ರತಿ ಊರಿನಲ್ಲೂ ಒಂದಾದರೂ ಇದೆ. ಬೊಗಳುತ್ತಿದ್ದ ನಾಯಿ ಒಮ್ಮೆಲೇ ದನಿ ತಗ್ಗಿಸಿ, ಬಾಲ ಹೊಟ್ಟೆಗೆ ಅವಚಿಕೊಂಡು, ಬಾಗಿಲಿಗೆ ಮೈ ಒತ್ತಿ ಕುಂಯ್‌ಗುಟ್ಟಿದರೆ ಬಾಗಿಲು ತೆರೆದು ಒಳಗೆ ಬಿಟ್ಟುಕೊಳ್ಳಬೇಕು, ಅಭ್ಯಾಸ ಕೆಡುತ್ತದೆಂದು ಲೆಕ್ಕ ಹಾಕುತ್ತ ಕೂರಬಾರದು. ಸರಪಳಿಯಲ್ಲಿ ಕಟ್ಟಿದ ನಾಯಿಗಂತೂ ಓಡುವ ದಾರಿಯೂ ಇರುವುದಿಲ್ಲ. ಹೆದರಿದ ನಾಯಿಯನ್ನು ಸಂತೈಸಿದರೆ ಹೆದರಿಕೆ ರೂಢಿಯಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ತಿಂಡಿಗಾಗಿ ಅಳುವುದು ನಾಯಿ ಬೇಕೆಂದು ಮಾಡುವ ಕೆಲಸ, ಅದಕ್ಕೆ ಪ್ರತಿಫಲ ಕೊಟ್ಟರೆ ಹೆಚ್ಚುತ್ತದೆ. ಭಯ ಅದು ಬೇಕೆಂದು ಮಾಡುವ ಕೆಲಸವಲ್ಲ. ಮಂಗಗಳನ್ನು ಓಡಿಸಲು ತೋಟದಲ್ಲಿ ಗರ್ನಾಲು ಹೊಡೆದಾಗ, ಸಿಡಿಲು ಬಡಿದಾಗ ಕರಿಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ. ಅದರಿಂದ ಅವನ ಭಯ ಹೆಚ್ಚಿದ್ದನ್ನು ನಾನಂತೂ ಕಂಡಿಲ್ಲ.

ಈಗ ಉಳಿದ ಸಾಧನಗಳು. ಗುಂಡಿ ಒತ್ತಿದರೆ ಮನುಷ್ಯರಿಗೆ ಕೇಳದ ಸದ್ದು ಹೊರಡಿಸಿ ನಾಯಿಯನ್ನು ಸುಮ್ಮನಾಗಿಸುತ್ತದೆ ಎಂಬ ಯಂತ್ರವೊಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆವು. ಮನುಷ್ಯರ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಸದ್ದನ್ನು ಕೇಳಿದರೆ ನಾಯಿಯ ಕಿವಿ ಸುಮಾರು 45ರವರೆಗೂ ಕೇಳುತ್ತದೆ, ಈ ಯಂತ್ರಗಳು ಸದ್ದು ಮಾಡುವುದು ಆ ನಡುವಿನ ಜಾಗದಲ್ಲಿ. ದನಗಳ ಕಿವಿಯೂ ಸುಮಾರು 35 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ, ಬೆಕ್ಕಿನದು ನಾಯಿಗಿಂತಲೂ ಮುಂದೆ. ಅಂದರೆ ಕೊಟ್ಟಿಗೆಗೆ ತಾಗಿದ ಮನೆಯಲ್ಲಿ ಗುಂಡಿ ಒತ್ತಿದರೆ ತಪ್ಪು ಮಾಡದ ಹಸು ಕರುಗಳಿಗೂ ಶಿಕ್ಷೆ. ಕರಿಯ ಕುಂಯ್‌ಗುಡುವುದನ್ನು ಆ ಕ್ಷಣಕ್ಕೆ ನಿಲ್ಲಿಸಿ ಅಟ್ಟದ ಮೆಟ್ಟಿಲ ಕೆಳಗೆ ನುಗ್ಗಿದ, ಮತ್ತೆ ಆ ಯಂತ್ರ ಕೈಯಲ್ಲಿರುವವರ ಹತ್ತಿರ ಬರಲಿಲ್ಲ. ಅದನ್ನು ಹಿಂದಿರುಗಿಸಿದೆವು. ಹಣ ವಾಪಸು ಪಡೆಯುವುದಕ್ಕೆ ಪಟ್ಟ ಪಾಡು ಬೇರೆ ಕಥೆ. ಕುತ್ತಿಗೆಗೆ ಕಟ್ಟುವ ವಿದ್ಯುದಾಘಾತದ ಪಟ್ಟಿಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ವೇಲ್ಸ್ ದೇಶ ಅವುಗಳನ್ನು 2010ರಲ್ಲೇ ನಿಷೇಧಿಸಿದೆ.

ಅಡಾಪ್ಟಿಲ್ ಎಂಬುದು ಇನ್ನೊಂದು ಬಗೆಯ ಸಾಧನ. ಮರಿ ಹಾಕಿದ ತಾಯಿನಾಯಿಯ ಮೊಲೆಗಳ ನಡುವಿನ ಚರ್ಮದಿಂದ ಸ್ರವಿಸುವ, ಮರಿಗಳನ್ನು ಸಮಾಧಾನಪಡಿಸುವ ವಸ್ತುವಿನ ಕೃತಕ ರೂಪವನ್ನು ಸೊಳ್ಳೆ ಓಡಿಸುವ ಯಂತ್ರದಂತೆ ಪ್ಲಗ್ಗಿಗೆ ಸಿಕ್ಕಿಸಿ ಹರಡುವುದು ಇದರ ಕ್ರಮ. ಒಂದು ಸಾಧನ 50ರಿಂದ 70 ಚದರ ಮೀಟರ್ ಜಾಗಕ್ಕೆ, ಒಂದು ಬಾಟಲಿ ಸುಮಾರು 30 ದಿನಕ್ಕೆ ಸಾಕೆಂದು ತಯಾರಕರು ಹೇಳುತ್ತಾರೆ. ಇದರ ಪರಿಣಾಮದ ಬಗ್ಗೆ ನಡೆದ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಪೇಟೆಯ ಕೋಣೆಯಲ್ಲಿ ಬೇಕಾದರೆ ಪ್ರಯೋಗಿಸಬಹುದು. ಹಂಚಿನ ಸಂದಿಯಿಂದ ಗಾಳಿ ಆಡುವ, ಜಗಲಿ ಅಂಗಳಕ್ಕೆ ತೆರೆದುಕೊಂಡ, ದಿನಕ್ಕೆ ಎಷ್ಟೋ ಸಲ ಕರೆಂಟು ಹೋಗುವ ಮನೆಯಲ್ಲಿ ಇದು ಕಾಡಿಗೆ ಊದುಬತ್ತಿ ಹಚ್ಚಿದ ಹಾಗೆ. ಮೈಗೆ ಬಿಗಿಯಾಗಿ ತೊಡಿಸುವ ಥಂಡರ್‌ಶರ್ಟ್‌ನಂಥ ಅಂಗಿ ಗುಡುಗಿನ ಭಯಕ್ಕೆ ಕೆಲವು ನಾಯಿಗಳಿಗೆ ಸ್ವಲ್ಪ ನೆಮ್ಮದಿ ಕೊಡುತ್ತದೆ. ಆದರೆ ನಮ್ಮಲ್ಲಿ ಗುಡುಗಿನ ಕಾಲವೂ ಬಟ್ಟೆ ಒಣಗದ ಕಾಲವೂ ಒಂದೇ. ಒದ್ದೆ ಅಂಗಿ ಮೈಗಂಟಿದರೆ ಚರ್ಮಕ್ಕೆ ಹುಳುಕಡ್ಡಿಯ ಭಯ.

ದುಡ್ಡು ಕೊಟ್ಟು ಆಟಿಕೆ ತರುವುದೇಕೆ, ಅಡಿಕೆ ಹಾಳೆಯಲ್ಲಿ ತಿಂಡಿ ಸುತ್ತಿ ಕೊಟ್ಟರಾಗದೇ ಎಂದು ನಮ್ಮೂರಿನಲ್ಲಿ ಕೇಳಿದವರಿದ್ದಾರೆ. ಹರಿದು ತಿನ್ನುವ ಸುಖ ನಾಯಿಗೆ ಅದರಲ್ಲೂ ಇದೆ, ಪಕ್ಕದಲ್ಲಿ ಕೂತು ನೋಡುವುದಾದರೆ ಕೊಡಬಹುದು. ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಬಿದ್ದ ಹಾಳೆ ಬೇಡ. ಅದರ ಮೇಲೆ ಮೈಲುತುತ್ತ ಇರುತ್ತದೆ. ಅಡಿಕೆಯನ್ನಂತೂ ನಾಯಿಯ ಬಾಯಿಗೆ ಸಿಗದಂತೆ ಇಡಬೇಕು. ಅದರಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳು ಕೆಡವಲು ಭೇದಿ ಔಷಧವಾಗಿ ಬಳಸುತ್ತಿದ್ದರೆಂದರೆ ಅದರ ತೀಕ್ಷ್ಣತೆ ತಿಳಿಯುತ್ತದೆ.

ಹೊಸದಾಗಿ ಮರಿ ತಂದವರಿಗೂ ಒಂದು ಮಾತು. ಮೊದಲ ರಾತ್ರಿಗಳಲ್ಲಿ ಮರಿ ಅಳುವುದು ತಾಯಿಗಾಗಿ, ಅದಕ್ಕೆ ಕಾಂಗ್ ಉತ್ತರವಲ್ಲ. ಮಲಗುವ ಕೋಣೆಯಲ್ಲೇ ಅದರ ಪೆಟ್ಟಿಗೆಯನ್ನಿಟ್ಟು, ತಾಯಿಯ ವಾಸನೆಯಿರುವ ಬಟ್ಟೆಯ ತುಂಡೊಂದನ್ನು ಹಾಕಿ, ನಡುರಾತ್ರಿ ಎದ್ದಾಗ ಉಚ್ಚೆಗೆ ಹೊರಗೆ ಕರೆದೊಯ್ದರೆ ಬಹುಪಾಲು ಮರಿಗಳು ಬೇಗ ಹೊಂದಿಕೊಳ್ಳುತ್ತವೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳಲ್ಲಿದೆ. ಅದಕ್ಕಿಂತ ಮೊದಲೇ ತಾಯಿಯಿಂದ ಬಿಡಿಸಿ ತಂದ ಮರಿ ಹೆಚ್ಚು ಅತ್ತರೆ ಅದರ ತಪ್ಪೇನೂ ಇಲ್ಲ.

ಕೊಳ್ಳುವವರಿಗೆ ಉಳಿದ ವಿವರ ಇಷ್ಟು. ಅಳತೆಯನ್ನು ನಾಯಿಯ ತೂಕಕ್ಕೆ ತಕ್ಕಂತೆ ಆರಿಸಬೇಕು, ಎರಡರ ನಡುವೆ ಅನುಮಾನ ಬಂದರೆ ದೊಡ್ಡದೇ ಸರಿ. ದವಡೆಯ ಹಿಂದಕ್ಕೆ ಜಾರುವಷ್ಟು ಚಿಕ್ಕದಾದರೆ ಗಂಟಲಿಗೆ ಸಿಕ್ಕೀತು. ದೊಡ್ಡ ಅಳತೆಯದಕ್ಕೆ ಬೆಲೆ ಸಾವಿರ ರೂಪಾಯಿ ದಾಟುತ್ತದೆ. ಒಂದು ರಬ್ಬರ್ ತುಂಡಿಗೆ ಇದು ಹೆಚ್ಚಾಯಿತೆಂದು ನನಗೂ ಅನ್ನಿಸುತ್ತದೆ, ಆದರೆ ಬಾಳಿಕೆ ನೋಡಿದರೆ ನಷ್ಟವಿಲ್ಲ. ದಿನವಿಡೀ ತೋಟದಲ್ಲಿ ಜೊತೆಗೆ ತಿರುಗಿ ಸಂಜೆ ದಣಿದು ಮಲಗುವ ನಾಯಿಗೆ ಇದರ ಅಗತ್ಯವೇ ಇಲ್ಲ. ಕಟ್ಟಿಹಾಕಬೇಕಾದ, ಪೇಟೆಯ ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಕಾದ ನಾಯಿಗೆ ಇದು ಬೇಕು. ಎರಡು ನಾಯಿಗಳಿದ್ದರೆ ಎರಡು ಆಟಿಕೆ, ಎರಡು ಬೇರೆ ಕೋಣೆ. ಇಲ್ಲವಾದರೆ ಕುಂಯ್‌ಗುಟ್ಟುವಿಕೆಯ ಬದಲು ಕಚ್ಚಾಟ ಕೇಳಬೇಕಾದೀತು. ರಬ್ಬರಿನ ಬಣ್ಣ ಮಾಸಿದರೆ ದೋಷವಿಲ್ಲ, ಸೀಳು ಬಿಟ್ಟು ತುಂಡು ಕಿತ್ತು ಬರತೊಡಗಿದರೆ ನಾಯಿ ನುಂಗುವ ಮೊದಲು ಎಸೆದುಬಿಡಬೇಕು.